ಅದನ್ನು ನುಡಿಸಿದ್ದು ಕಂಪ್ಯೂಟರ್ ಅಲ್ಲ, ಪುಟ್ಟಿ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಅಂದ ಮಾತು ನನ್ನ ತಲೆಯಲ್ಲೇ ಕೂತುಬಿಟ್ಟಿದೆ. ಟ್ಯಾಂಜರೀನ್ ಡ್ರೀಮ್ ತಂಡದ 'ಫೇಡ್ರಾ' ಆಲ್ಬಮ್ ಹಾಕಿದೆ, ನಾಲ್ಕು ನಿಮಿಷಕ್ಕೇ ನಿಲ್ಲಿಸಿದೆ, ಅದರಲ್ಲಿ ಹಾಡೂ ಇಲ್ಲ ಮನುಷ್ಯರೂ ಇಲ್ಲ, ಕಂಪ್ಯೂಟರ್ ತನ್ನ ಪಾಡಿಗೆ ನುಡಿಸ್ತಾ ಹೋಗುತ್ತೆ ಅಂದೆ. ಹಾಡಿಲ್ಲ ಅನ್ನೋದು ನಿಜ. ಆದರೆ ಮನುಷ್ಯರಿಲ್ಲ ಅಂದೆಯಲ್ಲ, ಅದನ್ನು ನಾನು ಒಪ್ಪಲ್ಲ. ನೀನು ಈಗ ಇರುವುದು ಬರ್ಲಿನ್‌ನಲ್ಲಿ. ಟ್ಯಾಂಜರೀನ್ ಡ್ರೀಮ್ ಹುಟ್ಟಿದ ಊರಲ್ಲೇ ಇದ್ದುಕೊಂಡು ನೀನು ಹಾಗಂದರೆ ನಿನ್ನ ಅಮ್ಮ ಸುಮ್ಮನಿರೋಕಾಗುತ್ತಾ? ಅದಕ್ಕೇ ಈ ಕಾಗದ.

ಮೊದಲನೆಯದು, ಅಲ್ಲಿ ಕಂಪ್ಯೂಟರ್ ಇರಲೇ ಇಲ್ಲ. ಅದು 1973ರ ಕೊನೆಯಲ್ಲಿ ರೆಕಾರ್ಡ್ ಆಗಿ, 1974ರ ಫೆಬ್ರವರಿಯಲ್ಲಿ ಹೊರಬಂದ ಆಲ್ಬಮ್. ಎಡ್ಗರ್ ಫ್ರೋಸೆ, ಕ್ರಿಸ್ ಫ್ರಾಂಕೆ, ಪೀಟರ್ ಬೌಮನ್, ಈ ಮೂವರು ಪಶ್ಚಿಮ ಬರ್ಲಿನ್‌ನಿಂದ ಇಂಗ್ಲೆಂಡಿಗೆ ಹೋಗಿ ಮಾಡಿದ್ದು. ಆಕ್ಸ್‌ಫರ್ಡ್ ಹತ್ತಿರದ ಒಂದು ಹಳ್ಳಿಯ ಹಳೇ ದೊಡ್ಡ ಬಂಗಲೆಯಲ್ಲಿ ವರ್ಜಿನ್ ರೆಕಾರ್ಡ್ ಕಂಪನಿಯ ಮೇನರ್ ಸ್ಟುಡಿಯೊ ಇತ್ತು. ಅಲ್ಲಿಗೆ ಒಂದು ಮೂಗ್ ಸಿಂಥಸೈಜರ್, ಅಂದರೆ ವಿದ್ಯುತ್ತಿನಿಂದ ನಾದ ಹುಟ್ಟಿಸುವ ಯಂತ್ರ, ತಗೊಂಡು ಹೋದರು.

ಆ ಯಂತ್ರ ಹೇಗಿತ್ತು ಅಂತ ನಿನಗೆ ಗೊತ್ತಾಗಬೇಕು. ಬೀರುವಿನಷ್ಟು ದೊಡ್ಡದು. ಮುಂಭಾಗದ ತುಂಬ ತಿರುಗಿಸುವ ಗುಂಡಿಗಳು, ನಡುವೆ ಜೋತುಬಿದ್ದ ವೈರುಗಳು. ಅದರ ಸೀಕ್ವೆನ್ಸರ್‌ನಲ್ಲಿ (ಸ್ವರಗಳನ್ನು ಒಂದರ ಹಿಂದೊಂದು ನುಡಿಸುವ ಭಾಗ) ಸಾಲಿಗೆ ಎಂಟು ಗುಂಡಿ. ಒಂದೊಂದು ಗುಂಡಿ ಇಷ್ಟು ವೋಲ್ಟೇಜ್ ಅಂತ ಕಳಿಸುತ್ತದೆ. ವೋಲ್ಟೇಜ್ ಏರಿದರೆ ಸ್ವರ ಏರುತ್ತದೆ, ಇಳಿದರೆ ಇಳಿಯುತ್ತದೆ. ಎಂಟೂ ಮುಗಿದ ಮೇಲೆ ಮತ್ತೆ ಮೊದಲಿನಿಂದ ಶುರು. ನಿನಗೆ ಯಂತ್ರ ಅನ್ನಿಸಿದ್ದು ಈ ಸುತ್ತು. ಆದರೆ ಅದು ಸುತ್ತುತ್ತಿರುವಾಗಲೇ ಫ್ರಾಂಕೆಯ ಬೆರಳು ಗುಂಡಿಗಳ ಮೇಲಿರುತ್ತವೆ. ಒಂದು ಸ್ವರವನ್ನು ಅಷ್ಟೇ ಅಷ್ಟು ಮೇಲೆತ್ತುತ್ತಾನೆ, ವೇಗ ಏರಿಸುತ್ತಾನೆ, ಇಳಿಸುತ್ತಾನೆ. ಅವನು ಮೊದಲು ಡ್ರಮ್ಸ್ ಬಾರಿಸುತ್ತಿದ್ದವನು, ಗೊತ್ತಾ? ರಾಕ್ ಅಂತಾರೆ, ಡ್ರಮ್ಸ್ ಎಲ್ಲಿ ಅಂತ ನೀನು ಕೇಳಿದ್ದಕ್ಕೆ ಉತ್ತರ ಅದೇ. ಡ್ರಮ್ಸ್ ಮಾಡಬೇಕಾದ ಕೆಲಸ ಆ ಎಂಟು ಗುಂಡಿಗಳಿಗೆ ಬಂತು. ಆಮೇಲೆ ಇಂಥ ಸಂಗೀತಕ್ಕೆಲ್ಲ 'ಬರ್ಲಿನ್ ಸ್ಕೂಲ್' ಅಂತ ನಿನ್ನ ಊರಿನ ಹೆಸರೇ ಅಂಟಿಕೊಂಡಿತು.

ಆ ಯಂತ್ರಕ್ಕೆ ನೆನಪಿನ ಶಕ್ತಿ ಇರಲಿಲ್ಲ. ಇವತ್ತು ಕಷ್ಟಪಟ್ಟು ಕೂಡಿಸಿಕೊಂಡ ನಾದವನ್ನು ಸೇವ್ ಮಾಡಿ ನಾಳೆ ತೆರೆಯೋ ಹಾಗಿಲ್ಲ. ದಿನಾ ಶ್ರುತಿ ಮಾಡುವುದಕ್ಕೇ ಗಂಟೆಗಟ್ಟಲೆ ಹಿಡಿಯುತ್ತಿತ್ತು ಅಂತ ಫ್ರೋಸೆ ಆಮೇಲೆ ಹೇಳಿಕೊಂಡಿದ್ದಾನೆ. ಬೆಳಿಗ್ಗೆ ಹನ್ನೊಂದಕ್ಕೆ ಕೂತರೆ ರಾತ್ರಿ ಎರಡರವರೆಗೆ ಕೆಲಸ. ಟೇಪ್ ಯಂತ್ರ ಕೆಟ್ಟಿತು, ಮಿಕ್ಸಿಂಗ್ ಬೋರ್ಡ್ ಕೈಕೊಟ್ಟಿತು, ಮಂದ್ರದ ಸ್ವರಗಳ ಹೊಡೆತಕ್ಕೆ ಸ್ಪೀಕರ್‌ಗಳೂ ಹಾಳಾದವು. ಹನ್ನೊಂದು ದಿನವಾದರೂ ಕೈಯಲ್ಲಿದ್ದದ್ದು ಹೆಚ್ಚು ಕಡಿಮೆ ಆರೇ ನಿಮಿಷದ ಸಂಗೀತವಂತೆ.

ಈಗ ನನಗೆ ಜಾಸ್ತಿ ಇಷ್ಟವಾದ ವಿಷಯಕ್ಕೆ ಬರ್ತೀನಿ. ಯಂತ್ರ ಬಿಸಿಯಾದಂತೆ ಅದರಲ್ಲಿ ಸ್ವರ ಹುಟ್ಟಿಸುವ ಆಸಿಲೇಟರ್‌ಗಳ ಶ್ರುತಿ ಜಾರುತ್ತಿತ್ತು. ಮೊದಲ ಟ್ರ್ಯಾಕ್, ಆಲ್ಬಮ್ಮಿನ ಹೆಸರಿನದೇ, ಹದಿನೇಳು ನಿಮಿಷ ಮೀರಿದ್ದು. ಫ್ರಾಂಕೆ ಸುಮ್ನೆ ಯಂತ್ರ ಪರೀಕ್ಷೆ ಮಾಡುತ್ತಿದ್ದಾಗ ಟೇಪ್ ಓಡುತ್ತಿತ್ತಂತೆ. ಶ್ರುತಿ ನಿಧಾನವಾಗಿ ಜಾರಿದ್ದೂ ಅದರಲ್ಲಿ ಸೇರಿಹೋಯಿತು. ಅದನ್ನು ಅವರು ಅಳಿಸಲಿಲ್ಲ. ಅದರ ಮೇಲೇ ಉಳಿದದ್ದನ್ನೆಲ್ಲ ಕಟ್ಟಿದರು. ನೀನು ಎಂಟು ವರ್ಷ ವೀಣೆ ಕಲಿತವಳು, ತಂತಿ ಸ್ವಲ್ಪ ಸಡಿಲವಾದರೂ ನಿನ್ನ ಕಿವಿ ಹಿಡಿದುಬಿಡುತ್ತೆ. ಆ ಕಿವಿಯಲ್ಲಿ ಇದನ್ನು ಕೇಳು. ಕೆಳಗಿನ ಸ್ವರ ಎಲ್ಲಿ ತನ್ನ ಜಾಗ ಬಿಟ್ಟು ಹೊರಡುತ್ತೆ, ಉಳಿದವರು ಅದರ ಹಿಂದೆ ಹೇಗೆ ಹೋಗ್ತಾರೆ, ಗಮನಿಸು. ನನಗಂತೂ ಆ ಜಾಗದಲ್ಲಿ ಈಗಲೂ ಮೈ ಜುಮ್ ಅನ್ನುತ್ತೆ. ನಿನ್ನ ದೊಡ್ಡಮಾವ ಕ್ಯಾಸೆಟ್ ತಂದುಕೊಟ್ಟ ಕಾಲದಿಂದಲೂ ಹಾಗೇ.

ಎರಡನೆಯ ಟ್ರ್ಯಾಕಿನ ಕಥೆಯೂ ಹೇಳಲೇಬೇಕು. ಅದು ಹೆಚ್ಚು ಕಡಿಮೆ ಪೂರ್ತಿ ಮೆಲೊಟ್ರಾನ್. ನೋಡೋಕೆ ಹಾರ್ಮೋನಿಯಂ ತರಹ ಒತ್ತುವ ಮನೆಗಳಿರುವ ವಾದ್ಯವೇ, ಆದರೆ ಪ್ರತಿ ಮನೆಯ ಕೆಳಗೆ ಒಂದೊಂದು ಟೇಪಿನ ತುಂಡು. ಪಿಟೀಲು, ಕೊಳಲು, ಕೋರಸ್ ಇವನ್ನು ಮೊದಲೇ ಅದರಲ್ಲಿ ರೆಕಾರ್ಡ್ ಮಾಡಿಟ್ಟಿರ್ತಾರೆ. ಒತ್ತಿದರೆ ಟೇಪ್ ಓಡುತ್ತೆ. ಸುಮಾರು ಎಂಟು ಸೆಕೆಂಡ್ ಅಷ್ಟೇ, ಆಮೇಲೆ ಟೇಪ್ ಮುಗಿದುಹೋಗುತ್ತೆ. ಬೆರಳೆತ್ತಿ ಮತ್ತೆ ಒತ್ತಬೇಕು. ಅಲೆ ಅಲೆಯಾಗಿ ಬರುವ ಆ ಉದ್ದದ ಸ್ವರಗಳನ್ನು ಈ ಎಂಟು ಸೆಕೆಂಡುಗಳ ಒಳಗೇ ಹೆಣೆದಿರೋದು. ಒಂದು ರಾತ್ರಿ ಉಳಿದಿಬ್ಬರೂ ಸುಸ್ತಾಗಿ ಮಲಗಿದ್ದರಂತೆ. ಫ್ರೋಸೆ ತನ್ನ ಹೆಂಡತಿ ಮೋನಿಕ್‌ಳನ್ನು ಸ್ಟುಡಿಯೊ ಒಳಗೆ ಕರೆದ. ಅವನು ನುಡಿಸಿದ, ಅವಳು ಫೇಸಿಂಗ್ ಯಂತ್ರದ ಗುಂಡಿ ತಿರುಗಿಸುತ್ತಾ ಹೋದಳು. ಒಂದೇ ಟೇಕ್. ನಾದ ಒಳಗೊಳಗೇ ಸುಳಿಯಾಗಿ ತಿರುಗುತ್ತೆ ನೋಡು, ಅದು ಅವಳ ಕೈ. ಮನುಷ್ಯರಿಲ್ಲ ಅಂತೀಯಲ್ಲ!

ಕೊನೆಯದು ಬರೀ ಎರಡು ನಿಮಿಷದ್ದು, ಬೌಮನ್ ಕೊಳಲು ಊದಿದ್ದು, ಅದನ್ನು ಕೇಳೋಕೆ ನಿನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೂರನೆಯದು ನನಗೆ ಅಷ್ಟು ಹಿಡಿಸಿಲ್ಲ. ಆಲ್ಬಮ್ಮಿನ ಹೊದಿಕೆಯ ಚಿತ್ರ ಬರೆದವನೂ ಫ್ರೋಸೆಯೇ. ಅವನು ಮೊದಲು ಕಲಿತದ್ದು ಚಿತ್ರಕಲೆ, ಶಿಲ್ಪಕಲೆ.

ರೇಡಿಯೊದಲ್ಲಿ ಹಾಕುವಂಥ ಒಂದು ತುಣುಕೂ ಇಲ್ಲದ ಈ ಆಲ್ಬಮ್ ಬ್ರಿಟನ್‌ನ ಪಟ್ಟಿಯಲ್ಲಿ 15ನೇ ಜಾಗದವರೆಗೆ ಹೋಯಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಫ್ರಾನ್ಸಿನ ರೀಮ್ಸ್ ಕ್ಯಾಥೆಡ್ರಲ್‌ನಲ್ಲಿ ಅವರ ಕಛೇರಿ ಇತ್ತು. ಒಳಗೆ ಹಿಡಿಯುವುದಕ್ಕಿಂತ ಎಷ್ಟೋ ಜಾಸ್ತಿ ಜನ ನುಗ್ಗಿ, ಆಮೇಲೆ ಚರ್ಚಿನವರ ಜೊತೆ ದೊಡ್ಡ ರಾದ್ಧಾಂತವೇ ಆಯಿತು.

ಒಂದು ಕೆಲಸ ಮಾಡು. ರಜೆಯ ದಿನ ಕ್ರಾಯ್ಟ್ಸ್‌ಬರ್ಗ್‌ನ ಹಾಲೆಶೆಸ್ ಊಫರ್‌ಗೆ ಹೋಗು, ಕಾಲುವೆ ಪಕ್ಕದ ರಸ್ತೆ. ಅಲ್ಲೊಂದು ನಾಟಕದ ಕಟ್ಟಡ ಇದೆ. 1968ರಲ್ಲಿ ಅಲ್ಲೇ ಝೋಡಿಯಾಕ್ ಅನ್ನೋ ಅಡ್ಡಾ ಇತ್ತು. ಒಂದು ಕೋಣೆಗೆ ಪೂರ್ತಿ ಬಿಳಿ ಬಣ್ಣ, ಇನ್ನೊಂದಕ್ಕೆ ಪೂರ್ತಿ ಕಪ್ಪು. ಯಾರು ಬೇಕಾದರೂ ಹೋಗಿ ಏನು ಬೇಕಾದರೂ ನುಡಿಸಬಹುದಿತ್ತು. ಶುರುವಿನ ದಿನಗಳಲ್ಲಿ ಟ್ಯಾಂಜರೀನ್ ಡ್ರೀಮ್ ಅಲ್ಲೂ ನುಡಿಸಿದೆ. ಫೋಟೊ ತೆಗೆದು ಕಳಿಸು, ನಾನು ನೋಡಬೇಕು.

ಆಮೇಲೆ ಮನೆಗೆ ಬಂದು ಹೆಡ್‌ಫೋನ್ ಹಾಕಿಕೊಂಡು ಹದಿನೇಳು ನಿಮಿಷವೂ ಕೇಳು. ಮಧ್ಯೆ ಮೊಬೈಲ್ ಮುಟ್ಟಬೇಡ. ನಾಲ್ಕನೇ ನಿಮಿಷಕ್ಕೆ ಬಿಟ್ಟರೆ ಆ ಸುತ್ತು ಒಡೆದು ಚೂರಾಗುವ ಜಾಗ ನಿನಗೆ ಸಿಗುವುದೇ ಇಲ್ಲ, ಅದು ಹತ್ತು ನಿಮಿಷದ ಆಚೆ ಇದೆ. ಆಗಲೂ ಇಷ್ಟವಾಗದಿದ್ದರೆ ಬೇಜಾರಿಲ್ಲ. ಯಾಕೆ ಇಷ್ಟವಾಗಲಿಲ್ಲ ಅಂತ ಬರೆ, ಉದ್ದಕ್ಕೆ ಬರೆ.

ಅಪ್ಪ ಚಟ್ನಿಪುಡಿ ಪಾರ್ಸೆಲ್ ಮಾಡಿದ್ದಾರೆ. ಚಳಿಗೆ ಕಿವಿ ಮುಚ್ಚುವ ಟೋಪಿ ಹಾಕಿಕೋ.

ನಿನ್ನ,
ಅಮ್ಮ