ಮಾಷ್ಟ್ರ ಮಾತುಗಳನ್ನು ಉಳಿಸಿಡೋಣ

ಮಾನ್ಯ ಸಂಪಾದಕರೇ,

ಮೊನ್ನೆ ಉಡುಪಿಯಲ್ಲಿ ನಮ್ಮ ಹೈಸ್ಕೂಲಿನ ಹಳೆ ವಿದ್ಯಾರ್ಥಿಗಳು ಸೇರಿದ್ದೆವು. ಗೋಳಿಬಜೆ ಖಾಲಿಯಾಗುವಷ್ಟರಲ್ಲಿ ಮಾತು ಗಣಿತದ ಮಾಷ್ಟ್ರ ಕಡೆ ತಿರುಗಿತು. ಜುಲೈ ಮಳೆ ಹಂಚಿನ ಮಾಡಿಗೆ ಬಡಿಯತೊಡಗಿದರೆ ಕ್ಲಾಸಿನಲ್ಲಿ ಏನೂ ಕೇಳುತ್ತಿರಲಿಲ್ಲ. ಅವರು ಸುಮ್ನೆ ಕೂರುವವರಲ್ಲ. ಇಡೀ ಪ್ರಮೇಯವನ್ನು ಬೋರ್ಡಿನ ಮೇಲೆ ಬರೆದು, ಚಾಕ್‌ಪೀಸ್ ತೋರಿಸಿ ಒಬ್ಬೊಬ್ಬರನ್ನೇ ಎಬ್ಬಿಸುತ್ತಿದ್ದರು. ನಾವೂ ಉತ್ತರವನ್ನು ಬರೆದೇ ತೋರಿಸಬೇಕು. ಪೈಥಾಗೊರಸ್ ನನ್ನ ತಲೆಗೆ ಹತ್ತಿದ್ದು ಹಾಗೆ, ಒಂದು ಮಾತೂ ಇಲ್ಲದೆ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಆಡುವ ನಮಗೆ ಕನ್ನಡ ವ್ಯಾಕರಣ ಕಲಿಸಿದ ಟೀಚರ ಕಥೆ ಬೇರೆಯೇ ಇದೆ. ಅದು ಈ ಪತ್ರದಲ್ಲಿ ಹಿಡಿಸದು.

ಇದನ್ನೆಲ್ಲ ಯಾರೂ ಬರೆದಿಟ್ಟಿಲ್ಲ. ಮಂಗಳೂರಿನ ಕೆನರಾ ಹೈಸ್ಕೂಲನ್ನು 1891ರಲ್ಲಿ ಶುರು ಮಾಡಿದ್ದು ಅಮ್ಮೆಂಬಳ ಸುಬ್ಬರಾವ್ ಪೈ ಅಂತ ಇಲ್ಲಿ ತುಂಬಾ ಜನರಿಗೆ ಗೊತ್ತು. ಶಾಲೆ ಕಟ್ಟಿದವರ ಹೆಸರು ಉಳಿಯುತ್ತದೆ. ಪಾಠ ಮಾಡಿದವರ ಹೆಸರು ಹಾಜರಿ ಪುಸ್ತಕದ ಜೊತೆ ಗೆದ್ದಲಿಗೆ ಹೋಗುತ್ತದೆ, ಅಲ್ವಾ? ಹಳೆ ವಿದ್ಯಾರ್ಥಿ ಸಂಘಗಳು ಶಾಮಿಯಾನದ ಖರ್ಚಿನಲ್ಲಿ ಸ್ವಲ್ಪ ಉಳಿಸಿ, ಎಂಬತ್ತು ದಾಟಿದ ಮಾಷ್ಟ್ರುಗಳ ಮಾತನ್ನು ರೆಕಾರ್ಡ್ ಮಾಡಿಸಲಿ. ಮೊಬೈಲ್ ಆದರೂ ಸಾಕು. ನಮ್ಮ ಮಾಷ್ಟ್ರಿಗೆ ಈಗ ಕಿವಿ ಮಂದ. ನಾನಂತೂ ಸ್ಲೇಟು ಹಿಡಿದುಕೊಂಡೇ ಹೋಗುತ್ತೇನೆ.

– ಹಳೆ ವಿದ್ಯಾರ್ಥಿ, ಉಡುಪಿ