ಲಿನಕ್ಸ್‌ನಲ್ಲಿ ವಿಡಿಯೊ ಎಡಿಟಿಂಗ್: ಮೊದಲು ಮೊಬೈಲ್ ಕ್ಲಿಪ್ ಹಾಕಿ ನೋಡಿ

ಮಾನ್ಯರೇ,

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತುಹೋಯಿತು. ವಿಂಡೋಸ್ 11 ಒಗ್ಗದ ಹಳೆಯ ಕಂಪ್ಯೂಟರ್‌ಗಳಿಗೆ ಉಬುಂಟು, ಮಿಂಟ್‌ನಂಥ ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆ ಹಾಕಿಸಿಕೊಂಡ ಶಿಕ್ಷಕರೂ ಸಣ್ಣ ಯೂಟ್ಯೂಬ್ ಚಾನೆಲ್‌ನವರೂ ಬೇಗನೇ ಕೇಳುವ ಪ್ರಶ್ನೆ, ವಿಡಿಯೊ ಎಡಿಟಿಂಗ್‌ಗೆ ಏನು ಬಳಸಬೇಕು ಎಂಬುದು. ‘ಡಾವಿಂಚಿ ರಿಸಾಲ್ವ್ ಹಾಕಿಕೊಳ್ಳಿ, ಸಿನಿಮಾದವರೇ ಬಳಸುತ್ತಾರೆ, ಉಚಿತವಾಗಿಯೂ ಸಿಗುತ್ತದೆ’ ಎಂಬ ಸಲಹೆ ಕೂಡಲೇ ಬರುತ್ತದೆ. ಈ ಸಲಹೆ ಹಲವರ ವಾರಗಟ್ಟಲೆ ಸಮಯ ತಿನ್ನುತ್ತದೆ.

ರಿಸಾಲ್ವ್ ಮುಕ್ತ ತಂತ್ರಾಂಶವಲ್ಲ ಎಂಬ ಮಾತು ಹಾಗಿರಲಿ. ಲಿನಕ್ಸ್‌ಗೆ ಕೊಡುವ ಅದರ ಉಚಿತ ಆವೃತ್ತಿ ಎಚ್.264, ಎಚ್.265 ಎಂಬ ಸಂಕೋಚನ ವಿಧಾನಗಳ ವಿಡಿಯೊಗಳನ್ನು ತೆರೆಯುವುದಿಲ್ಲ. ಮೊಬೈಲ್‌ನಲ್ಲಿ ಸಾಮಾನ್ಯವಾಗಿ ದಾಖಲಾಗುವುದೇ ಈ ಎರಡು ಬಗೆಯಲ್ಲಿ. ಹಾಗಾಗಿ ಪ್ರತಿ ಕ್ಲಿಪ್ಪನ್ನೂ ಎಫ್‌ಎಫ್‌ಎಂಪೆಗ್ ಎಂಬ ಪರಿವರ್ತಕದ ಮೂಲಕ, ಎಡಿಟಿಂಗ್‌ಗೆಂದೇ ಇರುವ ಡಿಎನ್‌ಎಕ್ಸ್‌ಎಚ್‌ಆರ್ ಬಗೆಗೆ ಬದಲಾಯಿಸಿಕೊಳ್ಳಬೇಕು. ಅದರ ಎಚ್‌ಕ್ಯೂ ಗುಣಮಟ್ಟದಲ್ಲಿ ಒಂದು ನಿಮಿಷದ 1080ಪಿ ವಿಡಿಯೊ 1 ಜಿಬಿ ದಾಟುತ್ತದೆ. ಜೊತೆಗೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬೇಕು. ಹಳೆಯ ಲ್ಯಾಪ್‌ಟಾಪ್‌ಗೆ ಇದು ಹೊರಲಾರದ ಹೊರೆ.

ಅಂಥವರಿಗೆ ನಾವು ಹೇಳುವುದು ಕೆಡೆನ್‌ಲೈವ್ ಎಂಬ ಮುಕ್ತ ವಿಡಿಯೊ ಎಡಿಟರ್. ಕಲಿಯಲು ಇನ್ನೂ ಸರಳವಾದದ್ದು ಬೇಕಿದ್ದರೆ ಶಾಟ್‌ಕಟ್. ಎರಡೂ ಎಂಎಲ್‌ಟಿ ಎಂಬ ಒಂದೇ ಎಂಜಿನ್ ಮೇಲೆ ಓಡುತ್ತವೆ, ಮೊಬೈಲ್ ಫೈಲನ್ನು ನೇರವಾಗಿ ತೆರೆಯುತ್ತವೆ. ಕೆಡೆನ್‌ಲೈವ್‌ನಲ್ಲಿ ಪ್ರಾಜೆಕ್ಟ್ ಸೆಟ್ಟಿಂಗ್ಸ್‌ಗೆ ಹೋಗಿ ಪ್ರಾಕ್ಸಿ ಆನ್ ಮಾಡಿದರೆ 4ಕೆ ಕ್ಲಿಪ್‌ನ ಪುಟ್ಟ ನಕಲು ತಯಾರಾಗುತ್ತದೆ. ಕತ್ತರಿಸಿ ಜೋಡಿಸುವಾಗ ಆ ನಕಲು ಓಡುತ್ತದೆ, ಕೊನೆಯ ರೆಂಡರ್ (ಸಿದ್ಧ ವಿಡಿಯೊ ತಯಾರಿ) ಮೂಲ ಫೈಲಿನಿಂದಲೇ ಆಗುತ್ತದೆ. ಇದೊಂದು ಗೊತ್ತಿಲ್ಲದೆ ‘ಲಿನಕ್ಸ್ ನಿಧಾನ’ ಎಂದು ಬಿಟ್ಟುಹೋದವರು ಬಹಳ.

ತುಟಿ ಒಂದು ಕಡೆ, ಮಾತು ಒಂದು ಕಡೆ ಆಗುತ್ತಿದ್ದರೆ ತಪ್ಪನ್ನು ಎಡಿಟರ್ ಮೇಲೆ ಹೊರಿಸಬೇಡಿ. ಬೆಳಕು ಕಡಿಮೆಯಾದಾಗ ಮೊಬೈಲ್ ಸೆಕೆಂಡಿಗೆ 30 ಫ್ರೇಮ್ ಬದಲು 24ಕ್ಕೋ 27ಕ್ಕೋ ಇಳಿಯಬಹುದು. ಈ ಏರಿಳಿತದಿಂದಾಗಿ ಧ್ವನಿ ಮೆಲ್ಲಮೆಲ್ಲನೆ ಜಾರುತ್ತದೆ. ಕೆಡೆನ್‌ಲೈವ್ ಇಂಥ ಕ್ಲಿಪ್ ಕಂಡಾಗ ‘ಟ್ರಾನ್ಸ್‌ಕೋಡ್’ (ಎಡಿಟಿಂಗ್‌ಗೆ ಒಗ್ಗುವ ಬಗೆಗೆ ಬದಲಾವಣೆ) ಮಾಡಲೇ ಎಂದು ಕೇಳುತ್ತದೆ. ಹೂಂ ಎನ್ನಿ. ಇಲ್ಲವೇ ಹ್ಯಾಂಡ್‌ಬ್ರೇಕ್ ಎಂಬ ವಿಡಿಯೊ ಪರಿವರ್ತಕದಲ್ಲಿ ಫ್ರೇಮ್‌ರೇಟ್ 30, ‘ಕಾನ್‌ಸ್ಟಂಟ್’ ಆರಿಸಿ, ಗುಣಮಟ್ಟದ ಅಳತೆಯಾದ ಆರ್‌ಎಫ್ ಅನ್ನು 18ಕ್ಕೆ ಇಟ್ಟು ಮೊದಲೇ ಬದಲಾಯಿಸಿಕೊಳ್ಳಿ.

ನಮ್ಮವರಿಗೆ ಇನ್ನೊಂದು ಪರೀಕ್ಷೆ ಕಡ್ಡಾಯ: ಕನ್ನಡ ಶೀರ್ಷಿಕೆ. ಟೈಟಲ್ ಕ್ಲಿಪ್ ತೆರೆದು, ನೋಟೊ ಸಾನ್ಸ್ ಕನ್ನಡ ಫಾಂಟ್ ಆರಿಸಿ, ‘ಸ್ವಾತಂತ್ರ್ಯ’ ಎಂದು ಬರೆಯಿರಿ. ತಕಾರಕ್ಕೆ ರ, ಯ ಎರಡೂ ಒತ್ತುಗಳು ಅಂಟಿ ನಿಲ್ಲಬೇಕು. ಒತ್ತು ಬಿಡಿಬಿಡಿಯಾಗಿ ನಿಂತರೆ ಆ ತಂತ್ರಾಂಶ ಕನ್ನಡಕ್ಕೆ ಒದಗುವುದಿಲ್ಲ. ಕೆಡೆನ್‌ಲೈವ್ ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ. ನುಡಿ ತಂತ್ರಾಂಶದ ಹಳೆಯ ಆಸ್ಕಿ (ಯೂನಿಕೋಡ್ ಅಲ್ಲದ) ಫಾಂಟ್‌ನಲ್ಲಿ ಬರೆದಿಟ್ಟ ಪಠ್ಯವನ್ನು ಹಾಗೇ ಅಂಟಿಸಿದರೆ ಮಾತ್ರ ಅರ್ಥವಾಗದ ರೋಮನ್ ಗುರುತುಗಳು ಬರುತ್ತವೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ಕೆಡೆನ್‌ಲೈವನ್ನು ಆಪ್‌ಇಮೇಜ್ (ಇನ್‌ಸ್ಟಾಲ್ ಮಾಡದೆ ಓಡಿಸುವ ಒಂದೇ ಫೈಲ್) ರೂಪದಲ್ಲಿ ಇಳಿಸಿಕೊಂಡಾಗ ಕೆಲವೊಮ್ಮೆ ಕನ್ನಡ ಕೀಲಿಮಣೆ ಕೆಲಸ ಮಾಡುವುದಿಲ್ಲ. ಟೆಕ್ಸ್ಟ್ ಎಡಿಟರ್‌ನಲ್ಲಿ ಬರೆದು ತಂದು ಅಂಟಿಸಿದರಾಯಿತು.

ಶಾಲೆಯ ಕಂಪ್ಯೂಟರ್‌ನಿಂದ ಮನೆಗೆ ಕೆಲಸ ಒಯ್ಯುವವರು ಗಮನಿಸಬೇಕಾದ್ದು: ಕೆಡೆನ್‌ಲೈವ್‌ನ ಪ್ರಾಜೆಕ್ಟ್ ಫೈಲ್‌ನೊಳಗೆ ವಿಡಿಯೊ ಇರುವುದಿಲ್ಲ, ಅದು ಎಲ್ಲಿದೆ ಎಂಬ ವಿಳಾಸವಷ್ಟೇ ಇರುತ್ತದೆ. ಬರೀ ಅದನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋದರೆ ಮನೆಯಲ್ಲಿ ಕ್ಲಿಪ್‌ಗಳು ನಾಪತ್ತೆ. ಪ್ರಾಜೆಕ್ಟ್ ಮೆನುವಿನ ‘ಆರ್ಕೈವ್ ಪ್ರಾಜೆಕ್ಟ್’ ಒತ್ತಿ, ಎಲ್ಲ ಒಂದೇ ಫೋಲ್ಡರ್‌ಗೆ ಬಂದ ಮೇಲೆ ಆ ಫೋಲ್ಡರನ್ನೇ ಒಯ್ಯಿರಿ.

ಶಿಕ್ಷಕರಿಗೆ ತರಬೇತಿ ಕೊಡುವವರಲ್ಲಿ ನಮ್ಮ ವಿನಂತಿ ಇಷ್ಟೇ: ಸಿದ್ಧ ಮಾದರಿ ಕ್ಲಿಪ್ ಬೇಡ. ಅವರವರ ಮೊಬೈಲ್‌ನಲ್ಲಿ ತೆಗೆದ ಎರಡು ನಿಮಿಷದ ಪಾಠವನ್ನು, ಕನ್ನಡ ಶೀರ್ಷಿಕೆ ಸಮೇತ, ಅಲ್ಲೇ ರೆಂಡರ್ ಮಾಡಿಸಿ.

– ಮುಕ್ತ ತಂತ್ರಾಂಶ ಬಳಕೆದಾರರು, ಮೈಸೂರು