ಬಸ್ಸಿನಲ್ಲಿ ಸರಕಿಗೂ ಒಂದು ಜಾಗ ಬೇಕು

ಮಾನ್ಯರೆ,

ಮೊನ್ನೆ ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಬರುವ ಬಸ್ಸಿನ ನಡುದಾರಿಯಲ್ಲಿ, ಅಡಿಕೆಗೆ ಹೊಡೆಯುವ ಔಷಧಿಗೆ ಬೇಕಾದ ಮೈಲುತುತ್ತದ ಚೀಲ ಒಡೆದು ನೀಲಿ ಪುಡಿ ಚೆಲ್ಲಿತ್ತು. ವಯಸ್ಸಾದ ಅಜ್ಜಿಯೊಬ್ಬರು ಒಂದು ಕಾಲನ್ನು ಚೀಲದ ಮೇಲಿಟ್ಟು, ಕಂಬಿ ಹಿಡಿದು ಮಂಡಗದ್ದೆವರೆಗೂ ನಿಂತೇ ಬಂದರು. ನೋಡಿ ಸಂಕಟವಾಯಿತು.

ಹಾಗೆಂದು ಬಸ್ಸಿಗೆ ಸಾಮಾನು ಹಾಕಲೇಬಾರದು ಎನ್ನಲಾರೆ. ಬೆಳಗಿನ ಪೇಪರು, ಸಕ್ಕರೆ ಕಾಯಿಲೆಯವರ ಔಷಧಿ, ಪಂಪ್‌ಸೆಟ್ಟಿನ ಬಿಡಿಭಾಗ, ಎಲ್ಲವೂ ನಮ್ಮ ಒಳಊರುಗಳಿಗೆ ತಲುಪುವುದು ಬಸ್ಸಿನಲ್ಲೇ. ಕಂಡಕ್ಟರು ನೆನಪಿಟ್ಟು ಇಳಿಸಿ ಹೋಗುವ ಆ ಉಪಕಾರ ದೊಡ್ಡದು. ಅಡಿಕೆಗೆ ಕೊಳೆರೋಗ ಬರುವ ಕಾಲದಲ್ಲಂತೂ ಮೈಲುತುತ್ತ ಒಂದು ದಿನ ತಡವಾದರೂ ತೋಟಕ್ಕೆ ಪೆಟ್ಟು.

ಕೆಎಸ್‌ಆರ್‌ಟಿಸಿ 2021ರಲ್ಲೇ 'ನಮ್ಮ ಕಾರ್ಗೋ' ಎಂಬ ಸರಕು ಸಾಗಣೆ ಸೇವೆ ಆರಂಭಿಸಿದೆ. ಜರ್ಮನಿಯ ಡ್ರೆಸ್ಡೆನ್‌ನಲ್ಲಿ 2001ರಲ್ಲಿ ಕಾರು ಕಾರ್ಖಾನೆಯ ಬಿಡಿಭಾಗ ಸಾಗಿಸಲು ಶುರುವಾದ ಟ್ರಾಮ್, ಜನರ ಟ್ರಾಮ್ ಓಡುವ ಹಳಿಯಲ್ಲೇ ಓಡಿತು. ಆದರೆ ಜನರ ಡಬ್ಬಿಗೆ ಸರಕು ತುಂಬಲಿಲ್ಲ, ಅದಕ್ಕೆ ಪ್ರತ್ಯೇಕ ಗಾಡಿಯೇ ಇತ್ತು.

ನಮ್ಮಲ್ಲಿ ಅಷ್ಟು ಬೇಡ. ಖಾಸಗಿ ಬಸ್ಸುಗಳೇ ಹೆಚ್ಚಿರುವ ಈ ಮಾರ್ಗಗಳಲ್ಲಿ ಹಿಂಬದಿ ಡಿಕ್ಕಿಯನ್ನು ಸರಕಿಗೇ ಮೀಸಲಿಡಲಿ, ತೂಕ ನೋಡಿ ರಸೀದಿ ಕೊಡಲಿ. ವಿಷದ ಔಷಧಿ ಜನ ಕೂರುವ ಕಡೆ ಬರಲೇಬಾರದು. ಸಾರಿಗೆ ಅಧಿಕಾರಿಗಳು ಮಳೆಗಾಲದ ಒಳಗೆ ಬಸ್ ಮಾಲೀಕರನ್ನು ಕರೆಸಿ ಮಾತನಾಡಬೇಕು.

– ಒಬ್ಬ ಅಡಿಕೆ ಬೆಳೆಗಾರ, ತೀರ್ಥಹಳ್ಳಿ ತಾಲ್ಲೂಕು